ನಾಲ್ಕು ಚೀಲ ಮರಳು

ಜೋಧಪುರದ ರೈಲು ಯಶವಂತಪುರಕ್ಕೆ ಆರು ಗಂಟೆ ತಡ.
ಐಸೆಲ್ಲ ನೀರಾಗಿ, ಥರ್ಮೋಕೋಲ್ ಡಬ್ಬಿಯೊಳಗೆ
ಕುಲುಕುತ್ತ ಬಂದವು ನಾಲ್ಕು ಚೀಲ ಮರಳು.
ಆಟೋದವನು ಕೇಳಿದ: "ಮೀನಾ, ಸಾರ್?"
ಹೆಬ್ಬಾಳದ ಫ್ಲೈಓವರಿನ ಮೇಲೆ, ನಿಂತೇ ಇದ್ದ ಗಾಡಿಗಳ ನಡುವೆ
ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೇಳಿದೆ:
"ಅಲ್ಲ. ಏನಾದರೂ ಬದುಕಿದೆಯೋ ನೋಡಬೇಕು."

ಖೇತಾರಾಮನ ಅಕ್ಷರ, ಒದ್ದೆಗೆ ಹಬ್ಬಿದ ನೀಲಿ ಮಸಿ.
ಒಂದು, ಬಟಾಬಯಲು.
ಎರಡು, ಗಿಡ ನೆಟ್ಟು ಮೂರು ವರ್ಷ.
ಮೂರು, ಬರೀ ಜಾಲಿ, ಹನ್ನೊಂದು.
ನಾಲ್ಕು, ಖೇಜಡಿಯ ಬುಡ, ಹತ್ತೊಂಬತ್ತು.
(ಖೇಜಡಿ ಎಂದರೆ ನಮ್ಮ ಬನ್ನಿ.
ಅದನ್ನು ನೆಟ್ಟ ದಿನವೇ ಅವನ ಮಗಳು ಹುಟ್ಟಿದ್ದಂತೆ,
ಲೇಬಲ್ಲಿನ ಮೂಲೆಯಲ್ಲಿ ಅದನ್ನೂ ಬರೆದಿದ್ದಾನೆ.
ನಮ್ಮ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.)

ಗಾಜು ತೊಳೆಯುವ ಮುನಿವೆಂಕಟಮ್ಮ
ಕೈ ಒರೆಸಿಕೊಂಡು ಬಂದು ಒಂದೊಂದೇ ಚೀಲ ಮೂಸಿದಳು.
"ಇದು ಸತ್ತೋಗಿದೆ. ಇದು ಎಳೇದು.
ಇದು ಸುಮ್ನೆ ಹುಳಿ.
ಇದು..." ನಾಲ್ಕನೆಯದನ್ನು ಮೂಗಿನಿಂದ ಇಳಿಸಲೇ ಇಲ್ಲ.
"ಮೊದಲ ಮಳೆ ಬಿದ್ದ ರಾಗಿ ಹೊಲ, ಸಾರ್."
ಅವಳ ಹಿಂದೆ ಬಕೆಟ್ಟು ತುಂಬಿ ಹರಿಯುತ್ತಿತ್ತು.

ಆ ವಾಸನೆಗೆ ಒಂದು ಹೆಸರಿದೆ,
ಅದನ್ನು ಹಡೆಯುವ ನೂಲಿನಂಥ ಜೀವಿಗೂ ಇದೆ.
ಹೇಳಲು ಬಾಯಿ ತೆರೆದು, ಮುಚ್ಚಿದೆ.
ನಲ್ಲಿ ನಿಲ್ಲಿಸಿದೆ.

ಒಂದು ಗ್ರಾಂ ತೂಗಿ, ನೀರಲ್ಲಿ
ಹತ್ತಕ್ಕೊಂದು, ನೂರಕ್ಕೊಂದು, ಸಾವಿರಕ್ಕೊಂದು ತೆಳುವಾಗಿಸಿ
ತಟ್ಟೆಗೆ, ಹಾಲಿಗೆ ಹೆಪ್ಪು ಬಿಡುವ ಹಾಗೆ ಬಿಟ್ಟು
ಮುಚ್ಚಿಟ್ಟೆ. ಇಪ್ಪತ್ತೆಂಟು ಡಿಗ್ರಿ, ಐದು ದಿನ.

ಐದನೆಯ ದಿನ ತಟ್ಟೆಗಳ ಬೆನ್ನಿಗೆ
ಮಾರ್ಕರಿನ ಚುಕ್ಕಿ ಇಡುತ್ತ ಎಣಿಸಿದೆ.
ಎರಡರಲ್ಲಿ ಅಲ್ಲೊಂದು ಇಲ್ಲೊಂದು,
ಕರೆಂಟು ಬರದ ಹೊಸ ಬಡಾವಣೆ.
ಮೂರರಲ್ಲಿ ಕಾಲಿಡಲು ಜಾಗವಿಲ್ಲ,
ಎಲ್ಲ ಒಂದೇ ಬಿಳಿ, ಒಂದೇ ಅಳತೆ.
ನಾಲ್ಕರಲ್ಲಿ ಎಣಿಕೆ ಕಡಿಮೆಯೇ. ಆದರೆ
ಸುಣ್ಣದ ಪುಡಿಯಂಥದ್ದು, ಅರಿಶಿನದಂಥದ್ದು,
ಬೂದಿ ಬಳಿದುಕೊಂಡ ಕಪ್ಪು,
ಹೆಸರು ಗೊತ್ತಿಲ್ಲದ ನೇರಳೆ,
ಅಂಚಿನಲ್ಲಿ ಬೂಷ್ಟಿನ ಒಂದೆಳೆ
ಪಕ್ಕದ ಮನೆಗೆ ಬಟ್ಟಲಲ್ಲಿ ಏನೋ ಒಯ್ಯುತ್ತಿರುವ ಹಾಗೆ.

ಗದಗಿನ ಕಡೆ ದಸರೆಗೆ ಬನ್ನಿ ಎಲೆ ಕೊಟ್ಟು
ಬಂಗಾರ ಎನ್ನುತ್ತಾರೆ.
ಕೆಳಗೆ, ಬೇರಿನ ಕತ್ತಲಲ್ಲಿ
ಯಾರು ಯಾರಿಗೆ ಏನು ಕೊಟ್ಟರೋ.

ಬಟಾಬಯಲಿನ ತಟ್ಟೆಗೆ ಸೊನ್ನೆ ಬರೆಯಲು ಹೊರಟವನು
ಸುಮ್ಮನೆ ಒಮ್ಮೆ ದೀಪಕ್ಕೆ ಹಿಡಿದೆ.
ಮೂರು.
ಸಾಸಿವೆಗಿಂತ ಸಣ್ಣ ಮೂರು ಗುಲಾಬಿ ಚುಕ್ಕಿ.
ಇದ್ದವು. ಯಾರೂ ಗುದ್ದಲಿ ಎತ್ತುವ ಮೊದಲೂ
ಸುಡುವ ಮರಳಿನಲ್ಲಿ ಮುದುಡಿ, ಉಸಿರು ಬಿಗಿಹಿಡಿದು
ಎಷ್ಟು ವರ್ಷದಿಂದಲೋ.
ಮುನಿವೆಂಕಟಮ್ಮನನ್ನು ಕರೆದು ತೋರಿಸಿದೆ.
ತುಂಬ ಹೊತ್ತು ನೋಡಿ,
"ನನ್ನ ಮೂಗಿಗೂ ವಯಸ್ಸಾಯ್ತು" ಎಂದಳು.

ಆಮೇಲಿನದು ನಿಯಮ. ಎಣಿಸಿದ್ದೆಲ್ಲ
ಆಟೋಕ್ಲೇವಿಗೆ: ನೂರಿಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ.
ಹತ್ತೊಂಬತ್ತು ವರ್ಷ. ಇಪ್ಪತ್ತು ನಿಮಿಷ.
ಕುಕ್ಕರಿನಂತೆ ಅದು ಕೂಗುವುದೂ ಇಲ್ಲ,
ಮುಳ್ಳು ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ.

ಸಂಜೆ ಬಸ್ ಸ್ಟಾಪಿನ ಪಕ್ಕ, ಮೆಟ್ರೋಗೆ ಅಗೆದು ಹಾಕಿದ
ಕೆಮ್ಮಣ್ಣಿನ ಗುಡ್ಡೆ, ಮೇಲೆ ಒಣಗಿದ ಸಿಮೆಂಟಿನ ಹಾಲು.
ನಾಲ್ಕು ಹನಿ ಬಿತ್ತು.
ಮುನಿವೆಂಕಟಮ್ಮ ಸೆರಗು ತಲೆಗೆಳೆದುಕೊಂಡು
ಮೂಗು ಎತ್ತಿ ಕಾದಳು. ನಾನೂ.
ಅಷ್ಟರಲ್ಲಿ ಬಸ್ಸು ಬಂತು, ಅದಕ್ಕೂ ಮೊದಲು ಡೀಸೆಲ್ಲು.

"ಇದು ಹೋಗ್ಲಿ ಬಿಡಿ ಸಾರ್," ಎಂದಳು,
"ಇನ್ನೊಂದು ನೋಡೋಣ."