ಬೆಲೆಗೆ ತಕ್ಕಂತೆ

"ನಮ್ಮಲ್ಲಿ ಇದೇ ಮೊದಲ ಸಲವೇ, ಮೇಡಂ?"
ಎಂದಳು ಕೌಂಟರಿನ ಹುಡುಗಿ. ಎದೆಯ ಬಿಲ್ಲೆಯಲ್ಲಿ ತಾಮ್ತಾ ಎಂದಿತ್ತು.
ಹೌದೆಂದೆ.
ಸುಳ್ಳೇನಲ್ಲ. ದುಡ್ಡು ಕೊಟ್ಟು ಬಂದದ್ದು
ಇದೇ ಮೊದಲು.

ಒಂದು ರಾತ್ರಿಗೆ ಏಳುನೂರು.
ಅಷ್ಟು ಸಂಪಾದಿಸಲು ನಾನು ಔಷಧಿ ಅಂಗಡಿಯಲ್ಲಿ
ಹನ್ನೆರಡು ದಿನ ನಿಂತಿರಬೇಕು.
ತಿಂಡಿ ಸೇರಿ, ಎಂದಳು. ಈಜುಕೊಳವೂ ಸೇರಿ.

ಲಿಫ್ಟು ಬಂತು.
ಬಂತು ಅಂದರೆ, ಗುಂಡಿ ಒತ್ತಿದೆ, ಬಂತು.
ನಮ್ಮ ಕಾಲಕ್ಕೆ ಅದು ಬಾಗಿಲಲ್ಲ, ಗೋಡೆ.
ವಾಲಿಕೊ ಮಾಮ ಅದರ ಸಂದಿಗೆ ಕೊಕ್ಕೆ ಸಿಕ್ಕಿಸಿ
ಕೋಟು ನೇತುಹಾಕುತ್ತಿದ್ದ.

ಕೋಣೆಗಳ ನಂಬರು ಬದಲಾಗಿದೆ.
ಕಿಟಕಿಯಿಂದ ನೋಡಿ ಗುರುತು ಹಿಡಿದೆ:
ನದಿಯ ತಿರುವಿನಲ್ಲಿ ಸೇತುವೆಯ ಎಡಗಂಬ
ಇಗರ್ಜಿಯ ಗೋಪುರವನ್ನು ಅರ್ಧ ಮುಚ್ಚಬೇಕು.
ಮುಚ್ಚಿತ್ತು.

ಹಾಗಾದರೆ ಇಲ್ಲಿ ಅಮ್ಮನ ಮಂಚ.
ಇಲ್ಲಿ ತಗಡಿನ ಒಲೆ, ಅದರ ಹೊಗೆಕೊಳವೆ
ಬಾಲ್ಕನಿಗೆ ಬಡಿದ ಪ್ಲೈವುಡ್ಡನ್ನು ತೂರಿ ಹೊರಗೆ.
ಚಳಿಗಾಲದಲ್ಲಿ ಬೀದಿಯಿಂದ ಕಂಡರೆ
ಇಡೀ ಕಟ್ಟಡ ನೂರು ಬಾಯಿಂದ ಬೀಡಿ ಸೇದುತ್ತಿತ್ತು.
ಎರಡು ವಾರ, ಅಂದಿದ್ದರು. ಯುದ್ಧ ಮುಗಿಯುವ ತನಕ.
ಸುಖುಮಿಯ ಮನೆಯ ಬೀಗದಕೈಯನ್ನು ಅಮ್ಮ
ಕೈಗೆ ಸಿಗುವಲ್ಲೇ ಇಟ್ಟಿದ್ದಳು, ದೀಪದ ಗುಂಡಿಯ ಪಕ್ಕ.

ಇಲ್ಲಿ ನಮಗೂ ವಾಲಿಕೊ ಮಾಮನಿಗೂ ನಡುವಿನ ಗೋಡೆ.
ಎರಡು ಸಲ ಕುಟ್ಟಿದರೆ, ಉಪ್ಪಿದೆಯಾ.
ಮೂರು ಸಲ ಕುಟ್ಟಿದರೆ, ಬೇಗ ಬನ್ನಿ.
ಮೂರು ಸಲ ಕುಟ್ಟಿದ್ದು ಒಂದೇ ಒಂದು ರಾತ್ರಿ.
ಆ ಗೋಡೆ ಈಗಿಲ್ಲ. ಅದರ ಜಾಗದಲ್ಲಿ
ಸಿಂಹದ ಪಾದದ ಬಿಳಿ ಸ್ನಾನದ ತೊಟ್ಟಿ.

ಹಾಸಿಗೆ ಚೆನ್ನಾಗಿದೆ. ಹೇಳಲೇಬೇಕು.
ದಿಂಬು ಆರು. ನಾವು ಮೂವರಿಗೆ ಒಂದೂವರೆ ಇತ್ತು.
ಬಾದಾಮಿಯ ಪೊಟ್ಟಣದ ಬೆಲೆ ಓದಿ
ಹಾಗೇ ವಾಪಸು ಇಟ್ಟೆ, ಮೊದಲು ಹೇಗೆ ಓರೆಯಾಗಿತ್ತೋ ಹಾಗೆ.

ನಿದ್ದೆ ಬಾರದೆ ಲೆಕ್ಕಕ್ಕೆ ಕುಳಿತೆ.
ಹನ್ನೊಂದು ವರ್ಷ, ನಾಲ್ಕು ಸಾವಿರ ರಾತ್ರಿ,
ರಾತ್ರಿಗೆ ಏಳುನೂರರಂತೆ
ಇಪ್ಪತ್ತೆಂಟು ಲಕ್ಷದ ಸುಖ ಬಿಟ್ಟಿ ಉಂಡಿದ್ದೇವೆ.
ಖಾಲಿ ಮಾಡಿ ಎಂದು ಕೈಗಿಟ್ಟ ಲಕೋಟೆ
ಇವತ್ತಿನ ದರದಲ್ಲಿ ಇಪ್ಪತ್ತಾರು ರಾತ್ರಿ.
ಅಮ್ಮ ಎರಡು ಸಲ ಎಣಿಸಿದಳು,
ಅಣ್ಣ ಬೋಂದೊನಿಂದ ಇನ್ನೊಮ್ಮೆ ಎಣಿಸಿದಳು,
ಆಮೇಲೆ ಬಕೆಟ್ಟು ತಂದು
ನೆಲ ಒರೆಸಿದಳು.
ನಾಳೆ ಒಡೆಯುತ್ತಾರಮ್ಮ, ಅಂದೆ.
"ಒಡೆಯಲಿ. ಬರುವವರು ನಮ್ಮನ್ನು ಏನಂದುಕೊಂಡಾರು?"

ಬಂದವಳು ನಾನೇ, ಅಮ್ಮ.
ಏನೂ ಅಂದುಕೊಳ್ಳಲಿಲ್ಲ.

ರಾತ್ರಿ ಎರಡಕ್ಕೆ ನಲ್ಲಿ ತಿರುಗಿಸಿದೆ.
ಹನ್ನೊಂದನೆಯ ಮಹಡಿಯಲ್ಲಿ, ನೀರು.
ನಾನು ಹೊರದಿದ್ದ ನೀರು.
ಬೇಡ ಬೇಡವೆಂದುಕೊಂಡೇ ತೊಟ್ಟಿ ತುಂಬಿಸಿದೆ,
ಹಲ್ಲುಜ್ಜುವ ಲೋಟ ಎರಡನ್ನೂ,
ಐಸಿನ ಬಕೆಟ್ಟು, ಹೂಜಿ, ಗುಲಾಬಿ ತೆಗೆದು ಹೂದಾನಿ.
ಸ್ನಾನಕ್ಕಲ್ಲ. ಇರಲಿ ಅಂತ.
ಅಷ್ಟಾದ ಮೇಲೆ ನಿದ್ದೆ ಬಂತು.

ಬೆಳಿಗ್ಗೆ ಮೇಜಿನ ಮೇಲೆ ಕಾಗದ:
ಕೊಟ್ಟ ಬೆಲೆಗೆ ತಕ್ಕಂತಿತ್ತೇ ನಿಮ್ಮ ವಾಸ?
ಕೆಳಗೆ ತುಂಬದ ಐದು ನಕ್ಷತ್ರ.
ಪೆನ್ನು ಹಿಡಿದು ಕೂತೇ ಇದ್ದೆ,
ಕೋಣೆ ಚೊಕ್ಕಟ ಮಾಡುವವಳು ಗಾಡಿ ತಳ್ಳಿಕೊಂಡು ಬಂದಳು.
ನನ್ನದೇ ವಯಸ್ಸಿರಬೇಕು, ಮೊಣಕಾಲು ನೋವಿನ ನಡಿಗೆ.

ತೊಟ್ಟಿ ನೋಡಿದಳು.
ಲೋಟ ನೋಡಿದಳು, ಹೂದಾನಿ ನೋಡಿದಳು.
ಹಿಂದೆ ಸರಿದು ಬಾಗಿಲು ಮುಂದೂಡಿ
ನಮ್ಮ ಕಡಲ ಕಡೆಯ ಮಾತಿನಲ್ಲಿ
ಮೆಲ್ಲಗೆ ಕೇಳಿದಳು:
"ಯಾವ ಮಹಡಿ?"

"ಇದೇ," ಅಂದೆ.

"ಅಯ್ಯೋ," ಎಂದಳು.
ತೊಟ್ಟಿಯ ಬಿರಡೆಗೆ ಕೈಯಿಟ್ಟಳು, ಎಳೆಯಲಿಲ್ಲ.
"ನಮ್ಮದು ನಾಲ್ಕನೆಯದು.
ನಮಗೆ ನೀರು ಹತ್ತಿರ."