ಎಂಟರ ಹಿಂದೆ

ಘಾಟ್ಕೋಪರ್ ಪಶ್ಚಿಮ, ಟೈರ್ ಅಂಗಡಿಯ ಮೇಲಿನ ಮಾಳಿಗೆ.
ಮೂರು ಹಸಿರು ಮೇಜು, ಮೂರು ಜೋತುಬಿದ್ದ ದೀಪ,
ಗಂಟೆಗೆ ಇನ್ನೂರು.
ನಾನು ಮಾರ್ಕರ್ ನೋಣಯ್ಯ. ಚೆಂಡು ಒರೆಸುವವನು,
ತ್ರಿಕೋನದಲ್ಲಿ ಜೋಡಿಸಿ ಹಿಂದೆ ಸರಿಯುವವನು.
ಹನ್ನೊಂದು ವರ್ಷ ಬೇರೆಯವರ ಗುರಿ ನೋಡಿ ನೋಡಿ
ಕಣ್ಣಿಗೇ ಕೈ ಬಂದಿತ್ತು.

ಆ ರಾತ್ರಿ ಬೇರೆ ಗಿರಾಕಿ ಇರಲಿಲ್ಲ.
ವಜ್ರದ ದಲಾಲಿಯ ಮಗ ಭಾವಿಕ್
'ಅಣ್ಣಾ, ಒಂದಾಟ ಬಾ' ಅಂದ.
ಅವನ ಕೋಲು ಮಖಮಲ್ಲಿನ ಪೆಟ್ಟಿಗೆಯಿಂದ ಎದ್ದು
ತಿರುಚಿ ಜೋಡಿಸಿಕೊಂಡಿದ್ದು.
ನನ್ನದು ಗೋಡೆಯದು, ನಾಲ್ಕನೇ ನಂಬರು,
ಹಲಸಿನಕಾಯಿ ಕೀಳುವ ದೋಟಿಯಷ್ಟು ಡೊಂಕು.

ಅವನೇ ಒಡೆದ. ಐದು ಚೆಂಡು ಇಳಿದವು,
ಬಾವಿಗೆ ಕೊಡ ಬಿದ್ದ ಸದ್ದು, ಒಂದರ ಮೇಲೊಂದು.
ಆರನೆಯದು ತಪ್ಪಿತು. ತಪ್ಪುವಾಗಲೂ ಜಾಣ:
ಬಿಳಿ ಚೆಂಡನ್ನು ಕರಿಯ ಎಂಟರ ಬೆನ್ನಿಗೆ ಅಂಟಿಸಿಟ್ಟ.
'ಬಿಹೈಂಡ್ ದಿ ಏಟ್ ಬಾಲ್' ಅಂದು ನಕ್ಕ.
ಅದೊಂದು ಗಾದೆಯಂತೆ, ಸಿಕ್ಕಿಬಿದ್ದವನಿಗೆ ಹೇಳುವುದಂತೆ.

ಗಾದೆ ಬೇಕೇ ನನಗೆ?
ಹದಿನಾಲ್ಕಕ್ಕೆ ಬಂದಿಳಿದಾಗ ಮುಂದಿದ್ದದ್ದು ಇಡ್ಲಿ ತಟ್ಟೆಯ ರಾಶಿ,
ರಾಶಿಯ ಹಿಂದೆ ನಾನು,
ನನ್ನ ಹಿಂದೆ ನಲ್ಲಿ.

ಫೋರ್ಟಿನ ರಾತ್ರಿಶಾಲೆಯಲ್ಲಿ ಜಲಜಾಕ್ಷಿ ಟೀಚರು
ತೂಕಡಿಸುವ ಹೋಟೆಲ್ ಹುಡುಗರಿಗೆ ಅಂಕಿ ತಿದ್ದಿಸುತ್ತಿದ್ದರು:
'ಇಂಗ್ಲಿಷಿನದು ಗಂಟು ಕಣ್ರೋ,
ಸುತ್ತಿ ಸುತ್ತಿ ಅಲ್ಲಿಗೇ ಬರ್ತದೆ.
ನಮ್ಮ ಎಂಟಕ್ಕೆ ಒಂದು ಕಡೆ ಬಾಗಿಲುಂಟು.
ಪೆನ್ಸಿಲು ಹೊರಗೆ ಬರಲಿ.'

ಅದಕ್ಕೆ ಎಂಟೆದೆಯೇನೂ ಬೇಕಿಲ್ಲ.
ಈ ಕೋಲಿನ ಡೊಂಕು ನನಗೆ ಗೊತ್ತು,
ಎಷ್ಟು ಎಡಕ್ಕೆ ಎಳೆಯುತ್ತದೆಂದೂ ಗೊತ್ತು,
ದಿನಾ ಒರೆಸುವವನು ನಾನೇ.
ಬಗ್ಗಿದೆ.
ಬಿಳಿ ಚೆಂಡು ದೂರದ ಅಂಚಿಗೆ ಹೋಗಿ, ಯೋಚಿಸಿ,
ಪಕ್ಕದ ಅಂಚಿಗೆ ಒಂದು ಮಾತು ಹೇಳಿ,
ನನ್ನ ಹಳದಿ ಪಟ್ಟೆಯನ್ನು ಮುಟ್ಟಿತು. ಬರೀ ಮುಟ್ಟಿತು.
ಪಟ್ಟೆ ಹೊರಳಿ ಹೊರಳಿ
ಬಾವಿಕಟ್ಟೆಯ ಮೇಲೆ ನಿಂತಿತು.
ಬೀಳಲಿಲ್ಲ.

ಭಾವಿಕ್ ನಗು ನಿಲ್ಲಿಸಿದ.
ಅದನ್ನೇ ಗೆಲುವೆಂದು ಹೇಳಲಾರೆ:
ಮುಂದಿನ ಸರದಿಯಲ್ಲಿ ಉಳಿದೆರಡು ಇಳಿಸಿದ, ಕರಿಯದನ್ನೂ,
ಸಲೀಸಾಗಿ. ಐವತ್ತು ರೂಪಾಯಿ ಜೇಬಿಗೆ ತುರುಕಿದ.

ಕೊನೆಯ ಲೋಕಲಿಗೆ ಓಡುವ ಮುನ್ನ ಬಿಲ್ಲು ಬರೆದೆ.
ಬೆಳಿಗ್ಗೆ ಮ್ಯಾನೇಜರ್ ಫೋನು:
'ಎರಡನೇ ಮೇಜು, ೩೮.
ಇದೇನು ಹುಳ ಬಿಟ್ಟಿದ್ದೀಯ ಪುಸ್ತಕದಲ್ಲಿ?'

ಮೂವತ್ತೆಂಟು ನಿಮಿಷ, ಸಾಬ್,
ಕೈತಪ್ಪಿ ನಮ್ಮದು ಬಂದುಬಿಟ್ಟಿದೆ.