ಓರೆ ಗೋಡೆಯ ಅಳತೆ

ನೊಲ್ಬೆರ್ತೊ ಬಂದ, ಮೊಳಕಾಲು ನೀವಿಕೊಳ್ಳುತ್ತ,
ನೂರರವತ್ತೆರಡು ಮೆಟ್ಟಿಲನ್ನೂ ಬೈಯುತ್ತ.
ಕಿವಿಯ ಸಂದಿಯಲ್ಲಿ ಪೆನ್ಸಿಲು,
ಕಂಕುಳಲ್ಲಿ ಉದ್ದನೆಯ ರಸಮಟ್ಟ.
ಗೋಡೆಗೆ ಒತ್ತಿ ಹಿಡಿದ. ಗುಳ್ಳೆ
ಸರ್ರನೆ ಜಾರಿ ಮೂಲೆಗೆ ಹೋಗಿ ಕೂತಿತು
ಬೈಸಿಕೊಂಡ ಮಗುವಿನ ಹಾಗೆ.

"ಅಮ್ಮಾ, ನಿಮ್ಮ ಮನೆ ಕಡಲ ಕಡೆಗೆ ವಾಲಿದೆ."
"ಗೊತ್ತು," ಅಂದೆ. "ಆ ಭೂಕಂಪದ ರಾತ್ರಿಯಿಂದ.
ವಾಲ್ಪರೈಸೊದ ಈ ಗುಡ್ಡದಲ್ಲಿ ಬೀದಿಗೆ ಬೀದಿಯೇ ವಾಲಿದೆ.
ಚಹದ ಬಟ್ಟಲನ್ನು ಅಂಚಿಗೆ ಇಡುವುದು ಬಿಟ್ಟಿದ್ದೇವೆ, ಅಷ್ಟೆ."

"ಹಾಗಾದರೆ ಹೇಳಿ, ಕಪಾಟು ಯಾರ ಮಾತು ಕೇಳಬೇಕು?
ಗುಳ್ಳೆಯದೋ, ಗೋಡೆಯದೋ?
ಗುಳ್ಳೆಯದಾದರೆ ಮೇಲೆ ನಾಲ್ಕು ಬೆರಳು ಸಂದು.
ಗೋಡೆಯದಾದರೆ ಬಾಗಿಲು ಮುಚ್ಚಿದರೂ ನಿಲ್ಲದು.
ಇಲ್ಲಾ, ಗೋಡೆ ಕೆಡವಿ ಹೊಸದು ಕಟ್ಟಬೇಕು."
ಚೀಟಿಯಲ್ಲಿ ಒಂದು ಮೊತ್ತ ಬರೆದು ಮಡಚಿ ಕೊಟ್ಟ.
ಓದಿ, ಅದೇ ಮಡಿಕೆಯಲ್ಲಿ ಮತ್ತೆ ಮಡಚಿ
ಸೂಜಿಡಬ್ಬಿಯೊಳಗೆ ಇಟ್ಟೆ.

ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು.
ನೆಟ್ಟಗಿನ ಮೈ ಒಂದೂ ಕಂಡಿಲ್ಲ.
ಬಂದರಿನ ಹಮಾಲಿಗೆ ಬಲಹೆಗಲು ಇಳಿದಿರುತ್ತದೆ,
ಪಿಟೀಲು ಮೇಷ್ಟರಿಗೆ ಎಡದ್ದು ಏರಿರುತ್ತದೆ,
ಮದುಮಗಳು ಕೂಡ ಕನ್ನಡಿಯೆದುರು
ಒಂದು ಕಾಲಿಗೆ ಭಾರ ಕೊಟ್ಟೇ ನಿಲ್ಲುತ್ತಾಳೆ.
ಅಳತೆಪಟ್ಟಿ ಯಾರನ್ನೂ ಬೈಯುವುದಿಲ್ಲ.
ಇಲ್ಲಿ ಒಂದು ಬೆರಳು, ಅಲ್ಲಿ ಅರ್ಧ, ಎಂದು ಹೇಳುತ್ತದೆ,
ಕತ್ತರಿ ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತದೆ.

ಮೊದಲು ಬಟ್ಟೆಗಳನ್ನು ಕೇಳಿದೆ, ಮರವನ್ನಲ್ಲ.
ಮಂಚದ ಮೇಲೆ ರಾಶಿ ಹಾಕಿ ಒಂದೊಂದನ್ನೇ ಎತ್ತಿ ಹಿಡಿದೆ.
ಉದ್ದದವು ಆರು. ಗಿಡ್ಡವು ನಲವತ್ತು.
ಯಸ್ನಾಳ ಶಾಲೆಯ ನೀಲಿ ಲಂಗ?
ಅವಳಿಗೀಗ ಮೂವತ್ತೊಂದು, ಬಂದರಿನಲ್ಲಿ ಕ್ರೇನು ನಡೆಸುತ್ತಾಳೆ.
ಲೆಕ್ಕಕ್ಕೆ ಹಿಡಿಯಲೋ ಬೇಡವೋ?
ಗಿಡ್ಡವು ನಲವತ್ತೊಂದು.

ಕೋಟಿಗೆ ನಮೂನೆ ಕತ್ತರಿಸುವ ಹಾಗೆ
ಹಳೆಯ ಪೇಪರುಗಳಲ್ಲಿ ಇಡೀ ಕಪಾಟನ್ನೇ ಕತ್ತರಿಸಿ
ಗುಂಡುಸೂಜಿ ಚುಚ್ಚಿ ಗೋಡೆಗೆ ನಿಲ್ಲಿಸಿದೆ.
ಎರಡು ದಿನ ಕಾಗದದ ಕಪಾಟಿನ ಜೊತೆ ಬಾಳಿದೆ.
ಕಿಟಕಿ ತೆರೆದರೆ ಪಟಪಟ ಅನ್ನುತ್ತಿತ್ತು.

ಹಲಗೆ ತರುವ ದಿನ ಗುಡ್ಡದ ಲಿಫ್ಟು ಕೆಟ್ಟಿತ್ತು.
ತುಂತುರು ಬೇರೆ. ಯಸ್ನಾ ಮುಂದೆ, ನಾನು ಹಿಂದೆ,
ನಡುವೆ ಬಿಳಿ ದುಪ್ಪಟಿ ಹೊದ್ದ ಪೈನ್ ಹಲಗೆಗಳು.
ಓರ್ತೆನ್ಸಿಯಾ ಬಾಗಿಲಲ್ಲಿ ಶಿಲುಬೆ ಗುರುತು ಮಾಡಿ
"ಯಾರು ಹೋದರು?" ಅಂದಳು.
"ಯಾರೂ ಇಲ್ಲ ಮಾರಾಯ್ತಿ, ಕೋಟುಗಳಿಗೊಂದು ಮನೆ,"
ಅಂದೆ, ಏದುಸಿರಿನ ನಡುವೆ.

ಮರ ಬಟ್ಟೆಯಲ್ಲ. ಗೊತ್ತಾಯಿತು.
ತಪ್ಪಿ ಕೊಯ್ದದ್ದನ್ನು ಬಿಚ್ಚಿ ಹೊಲಿಯಲಾಗದು.
ಒಂದು ಹಲಗೆ ಗಿಡ್ಡವಾಯಿತು, ಒಂದು ಸೀಳಿತು,
ಹೆಬ್ಬೆರಳ ಉಗುರು ನೀಲಿಗಟ್ಟಿತು.
ಕಡೆಗೆ ಚೌಕಟ್ಟನ್ನು ಗುಳ್ಳೆಯ ಮಾತಿಗೇ ನಿಲ್ಲಿಸಿ,
ಉಳಿದ ಸಂದಿಗೆ, ಮೇಲೆ ನಾಲ್ಕು ಬೆರಳು, ಕೆಳಗೆ ಸೊನ್ನೆ,
ಅಂಗಿಯ ಕಂಕುಳಿಗೆ ಇಡುವ ತೇಪೆಯಂತೆ
ಮೊನಚು ಪಟ್ಟಿಯೊಂದನ್ನು ಕೊಯ್ದೆ.
ಮೂರನೆಯ ಸಲಕ್ಕೆ ಕೂತಿತು.

ನೊಲ್ಬೆರ್ತೊ ಕರೆಯದೆಯೇ ಬಂದ.
ಪಟ್ಟಿಯ ಮೇಲೆ ಬೆರಳಾಡಿಸಿದ
ಹೊಲಿಗೆ ಎಲ್ಲಿದೆ ಎಂದು ಹುಡುಕುವವನ ಹಾಗೆ.
ಒಳ್ಳೆಯದು ಕೆಟ್ಟದ್ದು ಏನೂ ಆಡಲಿಲ್ಲ.
ಹೊಸ್ತಿಲಲ್ಲಿ ನಿಂತು ಕೋಟಿನ ಎಡತೋಳು ತೋರಿಸಿ,
"ಇದೊಂದು ಯಾವಾಗಲೂ ಉದ್ದ ಬರುತ್ತದೆ ನನಗೆ," ಅಂದ.
ಕೂರಿಸಿ ಅಳತೆ ತೆಗೆದುಕೊಂಡೆ.

ಈಗ ರಾತ್ರಿ ಭೂಮಿ ಮಗ್ಗುಲು ಬದಲಿಸಿದರೆ
ನಾಯಿಗಳಿಗಿಂತ ಮೊದಲು
ಕಪಾಟಿನೊಳಗಿನ ಖಾಲಿ ಹ್ಯಾಂಗರುಗಳು
ಒಂದಕ್ಕೊಂದು ತಾಗಿ ಟಿಣ್ ಅನ್ನುತ್ತವೆ.
ಎಣಿಸುತ್ತ ಮಲಗಿರುತ್ತೇನೆ.
ಏಳಕ್ಕೆ ನಿಂತರೆ ನಿದ್ದೆ,
ಹತ್ತು ದಾಟಿದರೆ ಚಪ್ಪಲಿ.